ಗಿಡ್ಡ ಬಾಲದ ಬಾಣಂತಿ

ಮಲಾಯಾ ದೇಶಕ್ಕೆ ಹೋಗಿ ಬಂದೆನೆಂದರೆ ಧಾರವಾಡದ ಜನ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಅಲ್ಲಿ ಏನೇನು ನೋಡಿದಿ ಎಂದು ಕೇಳುತ್ತಾರೆ. ಒಂದು ಹಾವು ನೋಡಿದೆ ಎನ್ನುತ್ತೇನೆ. ಮತ್ತೇನು ನೋಡಿದಿ ಎನ್ನುತ್ತಾರೆ. ಅದೇ ಹಾವನ್ನು ಮರುದಿನವೂ ನೋಡಿದೆ ಎನ್ನುತ್ತೇನೆ. ಅಷ್ಟಕ್ಕೆ ಕುರ್ಚಿಗಳು ಹಿಂದೆ ಸರಿಯುತ್ತವೆ. ಹಾಗೆ ಸರಿಯದ ನಾಲ್ಕು ಜನ ಎಲ್ಲಾದರೂ ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮೊದಲು, ಧಾರವಾಡ

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರು. ಹೆಸರು ದೊಡ್ಡದು. ಕೆಲಸವೆಂದರೆ ಗಾಜಿನ ಬರಣಿಗಳಲ್ಲಿ ಸ್ಪಿರಿಟ್ ಇಳಿದರೆ ತುಂಬುವುದು, ಕಪ್ಪೆಗಳು ತಪ್ಪಿಸಿಕೊಂಡರೆ ಹಿಡಿಯುವುದು. ಎರಡನೆಯದರಲ್ಲಿ ಹೆಚ್ಚು ಸಲ ಗೆದ್ದವು ಕಪ್ಪೆಗಳೇ. ನನ್ನ ಮೇಲಿನವರು ಕಟ್ಟಿ ಸರ್. ಮಾಳಮಡ್ಡಿಯಲ್ಲಿ ಒಬ್ಬರೇ ಇರುತ್ತಾರೆ, ಮದುವೆಯಾಗಿಲ್ಲ, ಎತ್ತರ ನನ್ನ ಭುಜದವರೆಗೆ. ಆ ವರ್ಷ ಅವರು ನಿವೃತ್ತರಾಗುವವರಿದ್ದರು.

ನಮ್ಮ ಬರಣಿಗಳ ಸಾಲಿನಲ್ಲಿ ಒಂದು ದಪ್ಪ, ಗಿಡ್ಡ ಹಾವು ಇತ್ತು. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ಪೂರ್ವದೇಶಕ್ಕೆ ಹೋದಾಗ ತಂದುಕೊಟ್ಟದ್ದು. ಯಾರೋ ಅದಕ್ಕೆ ‘ಹೆಬ್ಬಾವಿನ ಮರಿ’ ಎಂದು ಚೀಟಿ ಅಂಟಿಸಿದ್ದರು. ಸರ್ ಇದನ್ನು ಒಪ್ಪುತ್ತಿರಲಿಲ್ಲ. "ಗಿಡ್ಡ ಇದ್ದವರೆಲ್ಲಾ ಹುಡುಗರಲ್ಲೋ ರಾಘ್ಯಾ" ಎನ್ನುತ್ತಿದ್ದರು. ನಾನು ಅವರ ಎತ್ತರ ನೋಡಿ ಒಪ್ಪಿಕೊಳ್ಳುತ್ತಿದ್ದೆ. ಅವರ ಪ್ರಕಾರ ಅದು ಬೇರೆಯೇ ಜಾತಿ: ಮಲಾಯಾ, ಸುಮಾತ್ರಾ, ಬೋರ್ನಿಯೋ ಕಡೆಯ ಗಿಡ್ಡ ಬಾಲದ ಹೆಬ್ಬಾವು. ಪೂರ್ತಿ ಬೆಳೆದರೂ ಆಳುದ್ದ ಮೀರುವುದು ಅಪರೂಪ, ತೊಡೆಯಷ್ಟು ದಪ್ಪ, ಬಾಲ ಇದೆಯೋ ಇಲ್ಲವೋ ಎನ್ನುವಷ್ಟು.

ಬೇಸಿಗೆಯ ರಜೆಯ ಹೊತ್ತಿಗೆ ಮಲಾಯಾದಿಂದ ತಂತಿ ಬಂತು. ಸರ್ ಅವರ ಹಳೆಯ ವಿದ್ಯಾರ್ಥಿ ವಿರೂಪಾಕ್ಷ ಅಲ್ಲಿ ಒಂದು ರಬ್ಬರ್ ತೋಟದಲ್ಲಿ ಹೆಡ್ ಕ್ಲಾರ್ಕ್. ಗಿಡ್ಡ ಹಾವು ಮೊಟ್ಟೆಯ ಮೇಲೆ ಕೂತಿದೆ, ಬನ್ನಿ ಎಂದಿದ್ದ. ಧಾರವಾಡದ ತಂತಿ ಮಾಸ್ತರರು ಇದು ಯಾವುದೋ ಚಳವಳಿಯವರ ಗುಪ್ತ ಸಂದೇಶವಿರಬೇಕೆಂದು ಸರ್ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೊಟ್ಟರು.

ಸರ್ ಅಂದೇ ಹೊರಡುವ ಮಾತಾಡಿದರು. ನಮ್ಮ ಕಡೆಯ ದೊಡ್ಡ ಹೆಬ್ಬಾವು ಮೊಟ್ಟೆಗಳಿಗೆ ಸುತ್ತಿಕೊಂಡು, ಮೈ ಅದುರಿಸಿ ಕಾವು ಕೊಡುತ್ತದೆಂದು ವಿದ್ವಾಂಸರು ನೋಡಿ ಬರೆದಿದ್ದಾರೆ. ಗಿಡ್ಡ ಬಾಲದ್ದು ಹಾಗೆ ಮಾಡುತ್ತದೋ, ಬರೇ ಕಾವಲು ಕೂಡುತ್ತದೋ, ಸರ್ ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

"ಇಷ್ಟ ವರ್ಷ ಮಂದಿ ನೋಡಿದ್ದನ್ನ ಕಲಿಸಿದೆ" ಎಂದರು ಸರ್. "ಒಂದರೆ ನಾ ಕಣ್ಣಾರೆ ನೋಡಿದ್ದು ಹೇಳಿ ಮನಿಗೆ ಹೋಗಬೇಕಪಾ."

ಅದಕ್ಕೆ ನಾನು ಬೇಕಾಗಿದ್ದೆ, ಯಾಕೆಂದರೆ ಹೋಲಿಸಿ ನೋಡಲು ಬರಣಿಯನ್ನೂ ಜೊತೆಗೆ ಒಯ್ಯುವುದಿತ್ತು, ಅದನ್ನು ಹೊರಲು ಯಾವ ಹಮಾಲನೂ ಒಪ್ಪಿರಲಿಲ್ಲ.

ಹಡಗಿನ ಮೇಲೆ

ಮದ್ರಾಸಿನಲ್ಲಿ ಹಡಗು ಹತ್ತಿದೆವು. ದಂಡೆ ಕಣ್ಣಿಗೆ ಕಾಣುತ್ತಿರುವಾಗಲೇ ನನಗೆ ವಾಂತಿ ಶುರುವಾಯಿತು. ಹಡಗು ಇನ್ನೂ ಹೊರಟಿರಲಿಲ್ಲ ಎಂದು ಸರ್ ಎಲ್ಲರಿಗೂ ಹೇಳುತ್ತಾರೆ. ಅದು ಸುಳ್ಳು. ಲಂಗರು ಎತ್ತಿದ್ದರು.

ಡೆಕ್ಕಿನ ಪ್ರಯಾಣಿಕರ ರೀತಿ ನನಗೆ ಬಹಳ ಹಿಡಿಸಿತು. ಹೆಚ್ಚಿನವರು ತೋಟಗಳಿಗೆ ಹೊರಟ ತಮಿಳು ಕುಟುಂಬಗಳು. ಪ್ರತಿಯೊಂದು ಕುಟುಂಬ ಒಂದು ಚಾಪೆ ಹಾಸುತ್ತದೆ, ಆ ಚಾಪೆಯೇ ಮನೆ. ಅದರ ಅಂಚು ಎಂದರೆ ಹೊಸ್ತಿಲು. ಮಾತಾಡಬೇಕಾದವರು ಅಂಚಿನಾಚೆ ನಿಂತು ಕೆಮ್ಮುತ್ತಾರೆ, ಒಳಗಿನವರು ಬನ್ನಿ ಎಂದರೆ ಚಪ್ಪಲಿ ಬಿಟ್ಟು ಕಾಲಿಡುತ್ತಾರೆ. ಸುತ್ತಲೂ ಸಮುದ್ರ, ನಡುವೆ ಗೋಡೆಯಿಲ್ಲದ ಒಂದು ಓಣಿ. ನಮ್ಮ ಧಾರವಾಡದಲ್ಲಿ ಗೋಡೆ, ಬಾಗಿಲು, ಅಗಳಿ ಎಲ್ಲಾ ಇದ್ದೂ ನೆರೆಯವರು ಸೀದಾ ಅಡಿಗೆಮನೆಗೆ ಬರುತ್ತಾರೆ. ನಾನಂತೂ ವಾಂತಿಗೆಂದು ಹಡಗಿನಂಚಿನ ಕಟಾಂಜನದ ಕಡೆಗೆ ಓಡುವ ಗಡಿಬಿಡಿಯಲ್ಲಿ ದಿನಕ್ಕೆ ಹತ್ತಾರು ಮನೆಗಳನ್ನು ತುಳಿದೆ, ಕೆಲವರ ಅಡಿಗೆಮನೆಯಲ್ಲೂ ಹಾದುಹೋದೆ. ಮೂರನೆಯ ದಿನ ಒಬ್ಬ ಮುದುಕಿ ನನಗೆ ನಿಂಬೆಯ ಉಪ್ಪಿನಕಾಯಿ ಕೊಟ್ಟು, ತನ್ನ ಚಾಪೆಯ ಮೂಲೆ ಮಡಚಿ ನನ್ನ ಓಟಕ್ಕೆ ದಾರಿ ಮಾಡಿದಳು. ಒಂದು ಸಂಸಾರ ನನಗಾಗಿ ಮನೆ ಸಣ್ಣದು ಮಾಡಿಕೊಂಡಿತು.

ಸರ್ ಬರಣಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ನನಗೆ ಪಾಠ ಹೇಳುತ್ತಿದ್ದರು. ಈ ಹಾವು ಮರ ಹತ್ತುವುದಿಲ್ಲ, ಓಡುವುದಿಲ್ಲ. ಹೊಳೆಯ ಬದಿಯ ಕೆಸರಿನಲ್ಲಿ, ಕೊಳೆತ ಎಲೆಯಲ್ಲಿ ಅರ್ಧ ಹೂತುಕೊಂಡು ಇಲಿ ತಾನಾಗಿ ಬರುವವರೆಗೆ ಕಾಯುತ್ತದೆ. ಕಾಲೇಜಿನ ಆಫೀಸಿನಲ್ಲಿ ಇದೇ ಸ್ವಭಾವದ ಒಬ್ಬರಿದ್ದಾರೆ ಎಂದೆ. ಸರ್ ನಕ್ಕರು, ಆಮೇಲೆ ಮಾಸ್ತರರಾಗಿ ಗದರಿಸಿದರು.

ಪಿನಾಂಗ್ ಬಂದರು

ಪಿನಾಂಗಿನಲ್ಲಿ ಸುಂಕದ ಅಧಿಕಾರಿ ಬರಣಿಗೆ ಸುತ್ತಿದ್ದ ಬಟ್ಟೆ ಬಿಚ್ಚದೆ ಮುಚ್ಚಳ ಮೂಸಿ ನೋಡಿದ. ಸ್ಪಿರಿಟ್ಟಿನ ವಾಸನೆ ಘಮ್ಮೆಂದಿತು. ಇದೇನು, ಸಾರಾಯಿಯೋ ಎಂದು ಕೇಳಿದ. ಸರ್ ಊರಲ್ಲಿ ಪಾನನಿರೋಧದ ಸಭೆಗಳಿಗೆ ಖಾಯಂ ಅಧ್ಯಕ್ಷರು. ಅವರ ಮುಖ ಕೆಂಪಾಯಿತು, ಇಂಗ್ಲಿಷ್ ಮರೆತುಹೋಯಿತು. ನಾನು ನೆರವಿಗೆ ಹೋಗಿ, ಇದು ಕುಡಿಯಲಿಕ್ಕಲ್ಲ, ಒಳಗಿರುವವನು ಆಗಲೇ ಕುಡಿದು ಮಲಗಿದ್ದಾನೆ ಎಂದೆ. ಆತ ಬಟ್ಟೆ ಬಿಚ್ಚಿದ. ಒಳಗಿನವನ ಮುಖ ಸರಿಯಾಗಿ ಆತನ ಮೂಗಿಗೆ ಎದುರಾಗಿತ್ತು. ನಮ್ಮ ಉಳಿದ ಸಾಮಾನುಗಳನ್ನು ಯಾರೂ ಮುಟ್ಟಲಿಲ್ಲ.

ಆಮೇಲೆ ಚೀನಿಯವನ ಅಂಗಡಿಯಲ್ಲಿ ಕಾಫಿ ಕುಡಿದೆವು. ಅಲ್ಲಿಯ ಮುದುಕರು ಕಾಲೊಂದನ್ನು ಕುರ್ಚಿಯ ಮೇಲೆ ಮಡಚಿಟ್ಟು, ಕಾಫಿಯನ್ನು ಬಸಿಯಲ್ಲಿ ಸುರಿದುಕೊಂಡು ಸುರ್ರೆಂದು ಕುಡಿಯುತ್ತಾರೆ. ಕಣ್ಣು ಮುಚ್ಚಿದರೆ ಹುಬ್ಬಳ್ಳಿ ಸ್ಟೇಶನ್ನಿನ ಎದುರಿನ ಚಹಾದಂಗಡಿ. ನನಗೆ ಆ ಸದ್ದು ಕೇಳಿ ಊರು ನೆನಪಾಯಿತು.

ತೋಟದ ಮನೆ

ವಿರೂಪಾಕ್ಷನ ತೋಟಕ್ಕೆ ರೈಲಿನಲ್ಲಿ ಅರ್ಧ ದಿನ, ಎತ್ತಿನ ಗಾಡಿಯಲ್ಲಿ ಉಳಿದರ್ಧ. ಎತ್ತ ನೋಡಿದರೂ ರಬ್ಬರ್ ಗಿಡಗಳು, ಡ್ರಿಲ್ಲಿಗೆ ನಿಂತ ಸಿಪಾಯಿಗಳ ಹಾಗೆ. ಸಂಜೆಯಾದರೆ ಮಳೆ. ಧಾರವಾಡದ ಮಳೆ ಜಿಟಿಜಿಟಿ ಹತ್ತಿ ದಿನಗಟ್ಟಲೆ ಗೊಣಗುತ್ತದೆ, ಇಲ್ಲಿಯದು ಒಮ್ಮೆಲೇ ಜಗಳಾಡಿ ಹೋಗಿಬಿಡುತ್ತದೆ.

ವಿರೂಪಾಕ್ಷನ ಹೆಂಡತಿ ನೀಲಮ್ಮ ಹುಬ್ಬಳ್ಳಿಯವರು. ತವರಿನಿಂದ ತರಿಸಿದ ಜೋಳ ಇಂಥ ದಿನಕ್ಕೆಂದೇ ಎತ್ತಿಟ್ಟಿದ್ದರು. ರೊಟ್ಟಿ ಬಡಿಯುತ್ತ ಊರಿನ ಒಂದೊಂದು ಓಣಿಯ ಸುದ್ದಿ ಕೇಳಿದರು. ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಇನ್ನೂ ಚೆನ್ನಾಗಿ ಹೇಳಿದೆ. ಒಬ್ಬಳೇ ಮಗಳು ಹುಬ್ಬಳ್ಳಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಸಾಲಿ ಕಲಿಯುತ್ತಿದ್ದಳು. ಅವಳ ಮಾತು ಬಂದಾಗ ಮಾತ್ರ ರೊಟ್ಟಿಯ ಸಪ್ಪಳ ನಿಂತಿತು.

ಹಾವು ಹಿತ್ತಲಿನ ತಗಡಿನ ಶೆಡ್ಡಿನಲ್ಲಿತ್ತು. ಕಾಲುವೆ ತೋಡುವಾಗ ಕೊಳೆತ ದಿಮ್ಮಿಯ ಕೆಳಗೆ ಸಿಕ್ಕದ್ದು. ಕೂಲಿಯವರು ಹೊಡೆಯಲು ಹೊರಟಿದ್ದರಂತೆ. ವಿರೂಪಾಕ್ಷ ತಡೆದು, ಎಲೆ ಮಣ್ಣು ಮೊಟ್ಟೆ ಸಮೇತ ಒಂದು ದೊಡ್ಡ ಕಟ್ಟಿಗೆಯ ಪೆಟ್ಟಿಗೆಗೆ ಸಾಗಿಸಿದ್ದ. ಮೇಲೆ ತಂತಿಯ ಜಾಳಿಗೆ, ಅದರಲ್ಲಿ ಒಂದು ಸಣ್ಣ ಬಾಗಿಲು. ಪೆಟ್ಟಿಗೆ ಇಟ್ಟಂಗಿಗಳ ಮೇಲೆ ನಿಂತಿತ್ತು, ಮಳೆಯ ಇರಚಲು ಬಡಿಯದಂತೆ ಕೆಳಗೆ ಸುತ್ತಲೂ ಗೋಣೀತಟ್ಟು ಇಳಿಬಿಟ್ಟಿದ್ದರು.

ನಾನು ನೋಡಿದ ಮೊದಲ ನೋಟ ಹೇಳಬೇಕು. ಇಳಕಲ್ ಸೀರೆಯ ಕೆಂಪು ಅಂಚನ್ನು ಯಾರೋ ದಪ್ಪಗೆ ಸುರುಳಿ ಸುತ್ತಿ ಇಟ್ಟಂತೆ ಇತ್ತು. ಬೆನ್ನಿನಲ್ಲಿ ಹಳದಿ ಮಿಶ್ರಿತ ಮಚ್ಚೆಗಳು, ಬದಿಯಲ್ಲಿ ಬೂದು. ಅಗಲವಾದ ತಲೆ. ಬೆಳಕಿಗೆ ತಕ್ಕಂತೆ ಆ ತಲೆಯ ಬಣ್ಣ ತಿಳಿಯಾಗುತ್ತದೆ, ಕಪ್ಪಾಗುತ್ತದೆ. ಸುರುಳಿಯ ನಡುವೆ ಬಿಳಿ ಮೊಟ್ಟೆಗಳ ಒಂದು ಗುಂಪು, ಒಂದಕ್ಕೊಂದು ಅಂಟಿಕೊಂಡು. ಮೊಟ್ಟೆ ಇಟ್ಟ ಮೇಲೆ ಅದು ಏನೂ ತಿಂದಿರಲಿಲ್ಲ, ನೀರಿಗೆ ಮಾತ್ರ ತಲೆ ಚಾಚುತ್ತಿತ್ತು. ನೀಲಮ್ಮನವರಿಗೆ ಇದು ಬಹಳ ಮೆಚ್ಚುಗೆಯಾಗಿತ್ತು. ಅವರ ಶಾಕಾಹಾರಿ ಮನೆಯ ಹಿತ್ತಲಿಗೆ ಬಂದು ಉಪವಾಸ ಕೂತ ಅತಿಥಿ ಅದು.

ಜಾತಿ ಗುರುತಿಸುವ ಕೆಲಸವನ್ನು ಸರ್ ನನಗೆ ಕೊಟ್ಟರು. ಈಚೆಗೆ ವಿದ್ವಾಂಸರು ಮಲಾಯಾದ ಈ ಕೆಂಪು ಹಾವನ್ನು ಸುಮಾತ್ರಾ ಮತ್ತು ಬೋರ್ನಿಯೋದ ತಂಗಿಯರಿಂದ ಬೇರೆ ಮಾಡಿದ್ದರು. ಅದಕ್ಕೆ ಒಂದು ಗುರುತು ಕಣ್ಣಿನ ಕೆಳಗಿದೆ. ಮೇಲ್ದುಟಿಯ ಹುರುಪೆ ಸೀದಾ ಕಣ್ಣಿಗೆ ತಾಗಿದ್ದರೆ ಮಲಾಯಾದ್ದು. ತುಟಿಗೂ ಕಣ್ಣಿಗೂ ನಡುವೆ ಸಣ್ಣ ಹುರುಪೆಗಳ ಸಾಲೊಂದು ಕೂತಿದ್ದರೆ ಅತ್ತಲದ್ದು. ನಮ್ಮ ನಾಡಿನ ಹೆಬ್ಬಾವನ್ನೂ ಬರ್ಮಾದ್ದನ್ನೂ ಬೇರೆ ಮಾಡುವಾಗಲೂ ಇದೇ ಜಾಗ ನೋಡುತ್ತಾರಂತೆ. ಕೇಳಲು ಸುಲಭ. ಆದರೆ ಆ ಗೆರೆ ಅಕ್ಕಿಕಾಳಿನಷ್ಟು ಅಗಲ, ಅದರ ಪಕ್ಕದಲ್ಲೇ ಬಾಯಿ.

ನಾನು ಜಾಳಿಗೆಯ ಬಾಗಿಲು ತೆರೆದು, ಭೂತಗನ್ನಡಿ ಹಿಡಿದು ಬಗ್ಗಿದೆ. ಏನಾಯಿತೆಂದು ನನಗೆ ಗೊತ್ತಾಗುವ ಮೊದಲೇ ತಲೆ ತಣ್ಣಗಾಯಿತು. ನನ್ನ ಕರಿ ಟೋಪಿ ಪೆಟ್ಟಿಗೆಯಲ್ಲಿತ್ತು, ಹಾವಿನ ಬಾಯಲ್ಲಿ. ನಾನು ಶೆಡ್ಡಿನ ಹೊರಗಿದ್ದೆ, ಬಾಗಿಲಿನಿಂದ ಬಂದ ನೆನಪಿಲ್ಲ. ಸರ್ ಮಾತ್ರ ಇದೇ ಸರಿಯಾದ ಸಮಯವೆಂದು ಭೂತಗನ್ನಡಿ ಹಿಡಿದು, ಟೋಪಿ ಕಚ್ಚಿ ಅಲುಗದೆ ಕೂತಿದ್ದ ಹಾವಿನ ಕಣ್ಣಿನ ಕೆಳಗೆ ಸಾವಕಾಶವಾಗಿ ನೋಡಿಕೊಂಡರು. ತುಟಿಯ ಹುರುಪೆ ಕಣ್ಣಿಗೆ ತಾಗಿತ್ತು. ಬರಣಿಯ ಹಾವಿಗೆ ನಡುವೆ ಸಣ್ಣ ಸಾಲೊಂದಿತ್ತು.

"ನಮ್ಮ ಬರಣೀದು ಸುಮಾತ್ರಾ ಇಲ್ಲಾ ಬೋರ್ನಿಯೋ ಕಡೀದೋ ರಾಘ್ಯಾ" ಎಂದು ಕೂಗಿ ಹೇಳಿದರು. "ನಿನ್ನ ಟೊಪಗಿ ಇನ್ನ ಇಲ್ಲೇ ಇರಲಿ, ಭಾಳ ಉಪಯೋಗ ಆತು."

ಥರ್ಮಾಮೀಟರು

ಈಗ ಉಳಿದದ್ದು ಸರ್ ಬಂದ ನಿಜವಾದ ಕೆಲಸ. ನಮ್ಮಲ್ಲಿ ಒಂದೇ ಉದ್ದ ಥರ್ಮಾಮೀಟರು ಇತ್ತು. ಬೆಳಗಾಗುತ್ತಲೇ ಅದನ್ನು ಶೆಡ್ಡಿನ ಬಾಗಿಲಲ್ಲಿ ತೂಗುಹಾಕಿ ಗಾಳಿಯ ಶಾಖ ನೋಡುವುದು. ಆಮೇಲೆ ಬಿದಿರಿನ ಕೋಲಿಗೆ ಕಟ್ಟಿ ಹಾವಿನ ಸುರುಳಿಯೊಳಗೆ ಇಳಿಸಿ ನೋಡುವುದು. ಸುರುಳಿಯೊಳಗೆ ಹೆಚ್ಚಿದ್ದರೆ ತಾಯಿ ಕಾವು ಕೊಡುತ್ತಿದ್ದಾಳೆ.

ಹೆಚ್ಚಿತ್ತು. ಅಲ್ಪಸ್ವಲ್ಪವಲ್ಲ, ಸರ್ ಕನ್ನಡಕ ಒರೆಸಿ ಮತ್ತೆ ನೋಡುವಷ್ಟು ಹೆಚ್ಚು. ಮರುದಿನವೂ ಹಾಗೇ. ದೊಡ್ಡ ಹೆಬ್ಬಾವಿನಲ್ಲೂ ಯಾರೂ ಇಷ್ಟು ಕಂಡಿರಲಿಲ್ಲವಂತೆ. ಸರ್ ತೋಟದ ದಾರಿಯಲ್ಲಿ ಕೈ ಹಿಂದೆ ಕಟ್ಟಿ ತಿರುಗಾಡುತ್ತ ನಾಟ್ಯಸಂಗೀತ ಗುಣುಗುಣಿಸಿದರು. ಆ ದನಿ ಕೇಳಿ ರಬ್ಬರಿನ ಹಾಲು ಒಡೆದೀತೆಂದು ನನಗೆ ಹೆದರಿಕೆಯಾಯಿತು. ವಿಜ್ಞಾನದ ಪತ್ರಿಕೆಗೆ ಲೇಖನ ಬರೆಯುವುದಾಗಿ ಹೇಳಿದರು, ಕೊನೆಗೆ ನನ್ನ ಹೆಸರು ಹಾಕಿ ಉಪಕಾರ ಸ್ಮರಿಸುವುದಾಗಿಯೂ ಹೇಳಿದರು. ನನ್ನ ಉಪಕಾರವೆಂದರೆ ಬಾಗಿಲಲ್ಲಿ ನಿಂತು, ಒಂದು ಕಾಲು ಹೊರಗಿಟ್ಟು, ಏನೂ ಆಗುವುದಿಲ್ಲ ಸರ್ ಎಂದು ಧೈರ್ಯ ಹೇಳುವುದು. ಪೆಟ್ಟಿಗೆಯ ಸುತ್ತ ಎಲ್ಲಾ ಸರಿಯಿದೆಯೋ ನೋಡುವ ಕೆಲಸವೂ ನನ್ನದಿತ್ತು. ಬಾಗಿಲಿನಿಂದ ನೋಡಿದರೆ ಎಲ್ಲಾ ಸರಿಯಿತ್ತು.

ಆ ಶೆಡ್ಡಿನಲ್ಲಿ ಅಜವಾನದ ಹೊಗೆಯ ವಾಸನೆ ಬರುತ್ತಿತ್ತು. ನಮ್ಮಕ್ಕ ಹಡೆದಾಗ ನಮ್ಮ ಮನೆ ಹೀಗೇ ನಾರುತ್ತಿತ್ತು ಎಂದು ಸರ್‌ಗೆ ಹೇಳಿದೆ ಕೂಡ. ಅಡಿಗೆಮನೆಯಿಂದ ಬರುತ್ತಿರಬೇಕು ಎಂದರು.

ಊಟದ ಮಣೆಯ ಮೇಲೆ

ಆ ದಿನ ಮಧ್ಯಾಹ್ನ ಸರ್ ಊಟಕ್ಕೆ ಕೂತು ನೀಲಮ್ಮನವರಿಗೆ ತಮ್ಮ ಶೋಧ ವಿವರಿಸುತ್ತಿದ್ದರು. ತಾಯಿಯ ಮೈ ಎಷ್ಟು ಬೆಚ್ಚಗಿದೆ, ಇದು ಎಂಥ ಸೋಜಿಗ ಎಂದು. ನೀಲಮ್ಮ ಬದನೆಕಾಯಿ ಎಣಗಾಯಿ ಬಡಿಸುತ್ತ ಕೇಳಿದರು. ಮುಖದಲ್ಲಿ ಸೋಜಿಗವಿರಲಿಲ್ಲ.

"ಬೆಚ್ಚಗ ಇರದ ಏನ್ರಿ ಮಾಸ್ತರ್ರ? ದಿನಾ ಸಂಜಿಮುಂದ ಪೆಟಿಗಿ ಬುಡಕ ನಾನ ಕೆಂಡ ಇಡತೀನ್ರಿ."

ಸರ್ ಅವರ ಕೈಯ ತುತ್ತು ಕೈಯಲ್ಲೇ ಉಳಿಯಿತು. ನಾನು ಎದ್ದು ಶೆಡ್ಡಿಗೆ ಓಡಿ, ಟೋಪಿ ಹೋದ ಮೇಲೆ ಮೊದಲ ಸಲ ಒಳಗೆ ಹೋಗಿ, ಗೋಣೀತಟ್ಟು ಎತ್ತಿ ನೋಡಿದೆ. ಇಟ್ಟಂಗಿಗಳ ನಡುವೆ ಮಣ್ಣಿನ ಅಗ್ಗಿಷ್ಟಿಗೆ, ಬೂದಿ ಇನ್ನೂ ಬೆಚ್ಚಗೆ. ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಇಡುತ್ತಾರಲ್ಲ, ಹಾಗೇ, ಮೇಲೆ ಅಜವಾನ ಉದುರಿಸಿ. ನಮ್ಮ ಥರ್ಮಾಮೀಟರು ಎರಡು ದಿನ ಅಳೆದದ್ದು ಹುಬ್ಬಳ್ಳಿಯ ಬಾಣಂತನ.

ತಿರುಗಿ ಬಂದಾಗ ವಿರೂಪಾಕ್ಷ ಹೆಂಡತಿಯ ಪರವಾಗಿ ಕ್ಷಮೆ ಕೇಳುತ್ತಿದ್ದ. ಸರ್ ಸಿಟ್ಟಾಗಿರಲಿಲ್ಲ. ಬಹಳ ಸಣ್ಣಗಾಗಿ ಕಾಣುತ್ತಿದ್ದರು, ಇದ್ದ ಎತ್ತರದಲ್ಲಿ ಇನ್ನೂ ಸಣ್ಣಗಾಗಲು ಜಾಗ ಇರಲಿಲ್ಲ ಅಂದುಕೊಂಡಿದ್ದೆ. ಇನ್ನು ಮೇಲೆ ಕೆಂಡ ಇಡಬೇಡ ತಂಗಿ ಎಂದು ಮೆಲ್ಲಗೆ ಹೇಳಿದರು.

ನೀಲಮ್ಮ ಸೌಟು ಕೆಳಗಿಟ್ಟರು.

"ನಾ ಮಗಳನ್ನ ಹಡದದ್ದು ಇದ ಮನ್ಯಾಗರಿ. ಸುತ್ತ ಮಳಿ, ಅವ್ವ ಸಮುದ್ರದ ಆಚೀಕ. ನನ್ನ ಬುಡಕ ಯಾರೂ ಕೆಂಡ ಇಡಲಿಲ್ಲ. ಆ ಥಂಡಿ ಇನ್ನೂ ನನ್ನ ಸೊಂಟದಾಗೈತಿ. ಈಗ ನನ್ನ ಹಿತ್ತಲದಾಗ ಒಬ್ಬಾಕಿ ಬಂದು ಕುಂತಾಳ. ಆಕಿ ನಡಗೂದನ್ನ ಕುಂತು ನೋಡ್ತೀರೇನ್ರಿ ನೀವು?"

ಸರ್ ನೆಲ ನೋಡುತ್ತ ಹೇಳಿದರು: "ಹೌದವಾ. ಅದನ್ನ ನೋಡಲಿಕ್ಕೆ ಬಂದೇನಿ. ಆಕಿ ತನ್ನ ಮೈಲೆ ಕಾಯಸತಾಳೋ ಇಲ್ಲೋ, ಅಷ್ಟು."

ಕೊನೆಗೆ ಒಂದು ಒಪ್ಪಂದವಾಯಿತು. ಮರುದಿನ ಸಂಜೆಯವರೆಗೆ ಮಾತ್ರ ಕೆಂಡ ಇಲ್ಲ. ಮೊಟ್ಟೆಯ ಸಿಪ್ಪೆ ಎಲ್ಲಾದರೂ ಬಾಡಿ ಕುಗ್ಗಿದಂತೆ ಕಂಡರೆ ಆ ಕ್ಷಣವೇ ನೀಲಮ್ಮ ಅಗ್ಗಿಷ್ಟಿಗೆ ಇಡಬಹುದು, ಯಾರೂ ತಡೆಯುವಂತಿಲ್ಲ. ಅಂದೇ ಬೂದಿಯೆಲ್ಲಾ ತೆಗೆದು, ಇಟ್ಟಂಗಿಗಳ ಮೇಲೆ ತಣ್ಣೀರು ಚಿಮುಕಿಸಿ ಶೆಡ್ಡು ತೆರೆದಿಟ್ಟೆವು. ಆ ರಾತ್ರಿ ನೀಲಮ್ಮ ಸೌಟು ಕುಕ್ಕುತ್ತ ನಮಗೆ ಬಡಿಸಿದರು. ಸಾರಿಗೂ ಸಿಟ್ಟಿತ್ತು.

ಮಳೆಯ ಸಂಜೆ

ಮರುದಿನ ಸಂಜೆಯ ಮಳೆ ಎಂದಿಗಿಂತ ಜೋರಾಗಿತ್ತು. ಗಾಳಿ ತಣ್ಣಗೆ ಬೀಸಿತು. ನಾವು ನಾಲ್ವರೂ ಶೆಡ್ಡಿನಲ್ಲಿದ್ದೆವು. ನೀಲಮ್ಮ ಬಾಗಿಲ ಬಳಿ ಕೆಂಡ ತುಂಬಿದ ಅಗ್ಗಿಷ್ಟಿಗೆ ಇಟ್ಟುಕೊಂಡೇ ಕೂತಿದ್ದರು, ಕಣ್ಣು ಮೊಟ್ಟೆಗಳ ಮೇಲೆ.

ಹಾವು ಸುರುಳಿಯನ್ನು ಬಿಗಿ ಮಾಡಿಕೊಂಡಿತು. ಒಂದು ಮೊಟ್ಟೆಯೂ ಕಾಣದ ಹಾಗೆ ಮುಚ್ಚಿತು. ಆಮೇಲೆ ಅದರ ಬದಿ ಒಮ್ಮೆ ಜಗ್ಗೆಂದಿತು, ಬಿಕ್ಕಳಿಕೆ ಬಂದಂತೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಆಮೇಲೆ ಮೈಯುದ್ದಕ್ಕೂ ಅದುರು ಹರಿಯಿತು. ಸರ್ ನನ್ನ ಕೈ ಹಿಡಿದುಕೊಂಡರು, ಹಿಡಿದದ್ದು ಅವರಿಗೆ ಗೊತ್ತಿರಲಿಲ್ಲ.

ನೀಲಮ್ಮ ಅಗ್ಗಿಷ್ಟಿಗೆಗೆ ಕೈ ಹಾಕಿದರು. ಆಕೆ ಚಳಿಗೆ ನಡುಗುತ್ತಿದ್ದಾಳೆ ಎಂಬುದು ಅವರ ನ್ಯಾಯ. ಅದು ನಡುಕವಲ್ಲ ತಂಗಿ, ದುಡಿಮೆ ಎಂದು ಸರ್ ಬೇಡಿಕೊಂಡರು, ಒಂದು ಸಲ ಥರ್ಮಾಮೀಟರು ಇಳಿಸುವವರೆಗೆ ತಡೆ ಎಂದರು. ಥರ್ಮಾಮೀಟರು ತೂಗುಹಾಕಿದ್ದು ನನ್ನ ತಲೆಯ ಮೇಲೆ. ನಾನು ಇಷ್ಟು ದಿನದ ಹೇಡಿತನ ತೊಳೆದುಕೊಳ್ಳುವ ಉತ್ಸಾಹದಲ್ಲಿ ಅದನ್ನು ಕಸಿದು, ಬದಿಗೆ ಬಿದ್ದಿದ್ದ ಒದ್ದೆ ಇಟ್ಟಂಗಿಯ ಮೇಲೆ ಕಾಲಿಟ್ಟೆ. ಇಟ್ಟಂಗಿ ಒಂದು ಕಡೆ ಹೋಯಿತು, ನಾನೊಂದು ಕಡೆ. ಥರ್ಮಾಮೀಟರು ಎಲ್ಲಾ ಕಡೆ ಹೋಯಿತು. ಪಾದರಸ ನೆಲದ ಮೇಲೆ ಮುತ್ತು ಮುತ್ತಾಗಿ ಉರುಳಿತು. ಸಮುದ್ರ ದಾಟಿ ತಂದದ್ದು, ಇಂಥದ್ದು ಆ ತೋಟದಲ್ಲಿ ಮತ್ತೊಂದಿಲ್ಲ.

ಬೈಗುಳಕ್ಕಾಗಿ ಕಾಯ್ದೆ. ಬರಲಿಲ್ಲ. ಸರ್ ನನ್ನತ್ತ ನೋಡಲೇ ಇಲ್ಲ. ಕೋಟು ಬಿಚ್ಚಿ ವಿರೂಪಾಕ್ಷನ ಕೈಗೆ ಕೊಟ್ಟರು. ಅಂಗಿಯ ತೋಳು ಮೇಲೇರಿಸಿದರು. ಮೊದಲು ಪೆಟ್ಟಿಗೆಯ ಹಲಗೆ ಮುಟ್ಟಿದರು, ಆಮೇಲೆ ಗೋಡೆಯ ತಗಡು ಮುಟ್ಟಿದರು. ಆಮೇಲೆ ಜಾಳಿಗೆಯ ಬಾಗಿಲು ತೆರೆದು, ತಲೆಯ ಹಿಂಬದಿಯಿಂದ ಕೈ ಇಳಿಸಿ, ಅದುರುತ್ತಿದ್ದ ಸುರುಳಿಯ ಮೇಲೆ ಅಂಗೈ ಇಟ್ಟರು. ಹಾವು ಹೊಡೆಯಲಿಲ್ಲ. ಅದಕ್ಕೆ ಬೇರೆ ಕೆಲಸವಿತ್ತು.

ಸರ್ ಕಣ್ಣು ಮುಚ್ಚಿದರು.

"ಬೆಚ್ಚಗದ" ಎಂದರು. "ಬಾ ತಂಗಿ, ನೀನೂ ನೋಡು."

ನೀಲಮ್ಮ ಬಂದು, ಮಕ್ಕಳ ಜ್ವರ ನೋಡುವ ಹಾಗೆ ಅಂಗೈ ಮಗುಚಿ ಹಿಂಗೈಯನ್ನು ಸುರುಳಿಗೆ ತಾಗಿಸಿದರು. ಹಲಗೆಗೆ ತಾಗಿಸಿದರು. ಮತ್ತೆ ಸುರುಳಿಗೆ. ಬಹಳ ಹೊತ್ತು ಹಾಗೇ ಇಟ್ಟರು.

"ಖರೇ ಐತ್ರಿ ಮಾಸ್ತರ್ರ. ತಾನ ಕಾಸಾಕತ್ತಾಳ."

ವಿರೂಪಾಕ್ಷನೂ ಮುಟ್ಟಿದ. ಆಮೇಲೆ ನನ್ನ ಸರದಿ. ನನ್ನ ಕೈ ಇಳಿಯುವುದನ್ನೇ ಕಾಯುತ್ತಿದ್ದವಳ ಹಾಗೆ ಹಾವು ತಲೆಯೆತ್ತಿ ಅಂಗಿಯ ತೋಳು ಕಚ್ಚಿತು. ಟೋಪಿ ಮೊದಲೇ ಹೋಗಿತ್ತು, ಈಗ ತೋಳೂ ಹೋಯಿತು. ಆದರೆ ಎಳೆದಾಟದಲ್ಲಿ ನನ್ನ ಬೆರಳು ಒಂದು ಕ್ಷಣ ಅದರ ಮೈಗೆ ತಾಗಿತ್ತು. ಬಿಸಿಲಿಗೆ ಇಟ್ಟು ತಂದ ದಿಂಬಿನಷ್ಟು ಬೆಚ್ಚಗಿತ್ತು. ಇದಕ್ಕಿಂತ ಚೆನ್ನಾಗಿ ಹೇಳಲು ಅಂಕಿ ಬೇಕು, ಅಂಕಿಯನ್ನು ನಾನೇ ನೆಲಕ್ಕೆ ಚೆಲ್ಲಿದ್ದೆ.

ಮಳೆ ಕಡಿಮೆಯಾದ ಮೇಲೆ ನನ್ನ ತಪ್ಪಿಗೆ ಪರಿಹಾರ ಸೂಚಿಸಿದೆ. ಪಟ್ಟಣದ ಔಷಧದ ಅಂಗಡಿಯಲ್ಲಿ ಥರ್ಮಾಮೀಟರು ಸಿಗಬಹುದು, ನಾಳೆ ಹೋಗಿ ತರುತ್ತೇನೆ, ಇನ್ನು ನಾಲ್ಕು ದಿನ ಕೆಂಡವಿಲ್ಲದೆ ನೋಡಿದರೆ ಲೇಖನಕ್ಕೆ ಸಾಕಾಗುತ್ತದೆ. ನೀಲಮ್ಮ ಬಾಗಿಲಲ್ಲಿ ನಿಂತು ಸರ್ ಅವರನ್ನೇ ನೋಡುತ್ತಿದ್ದರು.

ಸರ್ ತಮ್ಮ ಅಂಗೈ ನೋಡಿಕೊಂಡರು.

"ನಾಲ್ಕ ದಿನ ಆಕಿ ಹಿಂಗ ದುಡೀಬೇಕು, ನಾನು ಒಂದ ಅಂಕಿ ಬರೀಲಿಕ್ಕೆ" ಎಂದರು. "ಬ್ಯಾಡೋ ರಾಘ್ಯಾ. ಅಂಕಿ ಬ್ಯಾರೆ ಯಾರರೆ ಬರೀತಾರ. ನಾ ನೋಡಬೇಕಂದಿದ್ದೆ, ನೋಡಿದೆ."

ಹೀಗೆ ಹೇಳಿ ಅಗ್ಗಿಷ್ಟಿಗೆಯನ್ನು ತಾವೇ ಎತ್ತಿಕೊಂಡರು. ಕೆಂಡ ಆರುತ್ತ ಬಂದಿತ್ತು. ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ, ಕೆನ್ನೆ ಉಬ್ಬಿಸಿ ಊದಿದರು. ಬೂದಿ ಹಾರಿ ಮೀಸೆ ಬೆಳ್ಳಗಾಯಿತು. ಕೆಂಡ ಕೆಂಪಾದಾಗ ಗೋಣೀತಟ್ಟು ಸರಿಸಿ ಪೆಟ್ಟಿಗೆಯ ಕೆಳಗೆ ನೂಕಿದರು.

"ತಡೀರಿ ತಡೀರಿ, ಹಂಗ ಕೆಂಡ ಬರಿಮೈಲೆ ಇಡತಾರೇನ್ರಿ?" ನೀಲಮ್ಮ ಬಂದು ಪಕ್ಕದಲ್ಲಿ ಕೂತರು. "ಮ್ಯಾಲ ಬೂದಿ ಮುಚ್ಚಬೇಕು. ಮುಂದಕಿಂತ ಹಿಂದಕ ಇಡಬೇಕು, ಸೊಂಟಕ್ಕ ಹತ್ತೂ ಹಂಗ. ಒಂದ ಬಾಣಂತೀನೂ ಕಂಡಿಲ್ಲೇನ್ರಿ ನೀವು?"

ಸರ್ ಬೂದಿ ಮುಚ್ಚುತ್ತ ಅಂದರು: "ಈಗ ಕಂಡೆನವಾ."